ಟಾಲಿಗಂಜಿನಿಂದ ಕಾಲೇಜಿಗೆ: ಕಲ್ಕತ್ತೆಯಲ್ಲಿ ವಾಣಿಜ್ಯ ವಿದ್ಯೆ ಬೆಳೆದು ಬಂದ ಬಗೆ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಸಂಘದ ಭಾನುವಾರದ ಕೂಟದ ಮಾತು ಪ್ರತಿ ವರ್ಷವೂ ಒಂದೇ ಕಡೆಗೆ ತಿರುಗುತ್ತದೆ. ಮಕ್ಕಳನ್ನು ಮುಂದೆ ಏನು ಓದಿಸುವುದು, ಎಲ್ಲಿ ಓದಿಸುವುದು, ಅದಕ್ಕೆ ಹಣವನ್ನು ಎಲ್ಲಿಂದ ತರುವುದು ಎಂಬುದೇ ಆ ಮಾತು. ಊರಿನಲ್ಲಾದರೆ ಸೋದರಮಾವನೋ, ಪಕ್ಕದ ಮನೆಯ ಮೇಷ್ಟರೋ ಇಂಥ ಹೊತ್ತಿನಲ್ಲಿ ನಾಲ್ಕು ಮಾತು ಹೇಳುತ್ತಾರೆ. ಹೊಟ್ಟೆಪಾಡಿಗೆ ಸಾವಿರಾರು ಮೈಲಿ ದೂರ ಬಂದು ನಿಂತ ನಮಗೆ ಆ ಆಸರೆ ಕಡಿಮೆ. ಆದ್ದರಿಂದ ಸಂಘದ ಹಿರಿಯರೇ ಮಾವಂದಿರಾಗಬೇಕು, ಮೇಷ್ಟರೂ ಆಗಬೇಕು.

ಈ ಸಲ ಟಾಲಿಗಂಜಿನ ಕಡೆ ನೆಲೆಸಿರುವ ನಮ್ಮವರೊಬ್ಬರು ಹೆಂಡತಿ, ಮಗಳೊಡನೆ ಬಂದಿದ್ದರು. ಅವರು ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವರು. ಹುಡುಗಿ ಕಾಮರ್ಸ್ ತೆಗೆದುಕೊಂಡು ಒಳ್ಳೆಯ ಅಂಕ ಗಳಿಸಿದ್ದಾಳೆ. ಅವಳ ಕೈಯಲ್ಲಿ ನುಣುಪು ಕಾಗದದ ಒಂದು ಪುಸ್ತಿಕೆ. ಖಾಸಗಿ ಸಂಸ್ಥೆಯೊಂದರ ಬಿ.ಬಿ.ಎ. ತರಗತಿಯ ವಿವರ. ಮೂರು ವರ್ಷದ ಶುಲ್ಕವನ್ನು ಕೂಡಿಸಿದರೆ ತಂದೆಯ ಎರಡು ವರ್ಷದ ಸಂಬಳಕ್ಕೂ ಹೆಚ್ಚು. "ಪಿ.ಎಫ್. ಹಣ ತೆಗೆದು, ಉಳಿದದ್ದಕ್ಕೆ ನನ್ನ ಬಳೆ ಇಟ್ಟರೆ ಹೇಗೋ ಆಗುತ್ತದೆ" ಎಂದರು ತಾಯಿ. ತಂದೆ ಏನೂ ಮಾತಾಡಲಿಲ್ಲ. ಮನೆಯ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಓದಬಾರದೇ ಎಂದು ನಾವು ಕೇಳಿದಾಗ ಹುಡುಗಿ, "ಬರೀ ಬಿ.ಕಾಂ. ಮಾಡಿದರೆ ಯಾರು ಕೇಳ್ತಾರೆ ಅಂಕಲ್? ಇಲ್ಲಿಯ ಕಾಲೇಜುಗಳು ಸೋವಿ, ಅದಕ್ಕೇ ಅವಕ್ಕೆ ಬೆಲೆಯಿಲ್ಲ" ಎಂದಳು.

ಸೋವಿಯಾದದ್ದಕ್ಕೆ ಬೆಲೆಯಿಲ್ಲ ಎಂಬ ಮಾತು ನಮ್ಮನ್ನು ಚುಚ್ಚಿತು. ಈ ಕಾಲೇಜುಗಳು ಏಕೆ ಸೋವಿಯಾದವು, ಯಾರು ಕಟ್ಟಿದರು, ಯಾರಿಗಾಗಿ ಕಟ್ಟಿದರು ಎಂಬ ಕಥೆ ಆ ಮಗುವಿಗೆ ಗೊತ್ತಿಲ್ಲ. ನಮ್ಮಲ್ಲಿಯೂ ಅನೇಕರಿಗೆ ಗೊತ್ತಿಲ್ಲ. ಆ ಕಥೆಯನ್ನು ತಿಳಿದಷ್ಟು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮವರು ಬಂದ ದಾರಿ

ಮೊದಲು ನಾವು ನಿಂತ ನೆಲದ ಮಾತು. ಕಾಳಿಘಾಟಿನ ಪಕ್ಕದಲ್ಲಿ ಹರಿಯುವ ಆದಿಗಂಗೆ ಹೂಳು ತುಂಬಿ ಬತ್ತಿಹೋಗಿದ್ದಾಗ ವಿಲಿಯಂ ಟಾಲಿ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಿಂದ 1777ರ ಅವಧಿಯಲ್ಲಿ ಅದನ್ನು ತೋಡಿಸಿ ದೋಣಿಗಳು ಓಡಾಡುವಂತೆ ಮಾಡಿದ. ಆ ಕಾಲುವೆ ಟಾಲಿಯ ನಾಲೆಯಾಯಿತು. ಅದರ ದಡದ ಸಂತೆ ಟಾಲಿಗಂಜ್ ಆಯಿತು. ಅಂದರೆ ಈ ಊರಿನ ಹೆಸರೇ ವ್ಯಾಪಾರದಿಂದ ಹುಟ್ಟಿದ್ದು.

ಇಲ್ಲಿಗೆ ಕನ್ನಡ ನಾಡಿನಿಂದ ಮೊದಲು ಬಂದ ದೊಡ್ಡ ಕುಟುಂಬ ಯಾವುದೆಂದರೆ ಟಿಪ್ಪು ಸುಲ್ತಾನನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ ಮಕ್ಕಳನ್ನು ವೆಲ್ಲೂರಿನಲ್ಲಿ ಇರಿಸಿದ್ದರು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದ ತರುವಾಯ ಕಂಪನಿ ಸರ್ಕಾರ ಅವರೆಲ್ಲರನ್ನೂ ಕಲ್ಕತ್ತೆಗೆ ಸಾಗಿಸಿ ಟಾಲಿಗಂಜಿನಲ್ಲಿ ನೆಲೆಗೊಳಿಸಿತು. ಧರ್ಮತಲಾದಲ್ಲಿ 1842ರ ಹೊತ್ತಿಗೆ ಮಸೀದಿ ಕಟ್ಟಿಸಿದ ರಾಜಕುಮಾರ ಗುಲಾಂ ಮಹಮ್ಮದ್ ಟಿಪ್ಪುವಿನ ಕಿರಿಯ ಮಗ. ನಾವು ದಿನವೂ ನಡೆದಾಡುವ ಪ್ರಿನ್ಸ್ ಅನ್ವರ್ ಶಾ ರಸ್ತೆಗೆ ಅಂಟಿರುವುದೂ ಆ ಮೈಸೂರು ಮನೆತನದ ಹೆಸರೇ.

ಅವರು ಸೆರೆಯಾಳುಗಳಾಗಿ ಬಂದರು. ನಾವು ಸಂಬಳ ಹುಡುಕಿಕೊಂಡು ಬಂದೆವು. ಬೆರಳಚ್ಚು, ಶೀಘ್ರಲಿಪಿ ಕಲಿತವರು, ಲೆಕ್ಕಪತ್ರ ಬಲ್ಲವರು, ಹೋಟೆಲಿನವರು, ರೈಲ್ವೆಯವರು ಬೇರೆಬೇರೆ ಕಾಲದಲ್ಲಿ ಬಂದು, ಬೇರೆ ದಕ್ಷಿಣ ಭಾರತೀಯರ ಜೊತೆಗೆ ಲೇಕ್ ಮಾರ್ಕೆಟ್, ರಾಸ್‌ಬಿಹಾರಿ, ಟಾಲಿಗಂಜಿನ ಸುತ್ತ ಮನೆ ಹಿಡಿದರು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಅವುಗಳಲ್ಲಿ ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. 1980ರಲ್ಲಿ ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕುಗಳೂ ಸೇರಿದವು. ಆಮೇಲೆ ವರ್ಗವಾಗಿ ಬಂದ ಬ್ಯಾಂಕಿನ ಕುಟುಂಬಗಳು ನಮ್ಮ ಸಂಘದ ಬಲವನ್ನು ಹೆಚ್ಚಿಸಿದವು. ಲೆಕ್ಕದ ಪುಸ್ತಕವೇ ನಮ್ಮಲ್ಲಿ ಬಹುಜನರ ಅನ್ನ. ಹೀಗಿರುವಾಗ ನಮ್ಮ ಮಕ್ಕಳು ವಾಣಿಜ್ಯ ವಿದ್ಯೆಯತ್ತ ನೋಡುವುದು ಸಹಜವೇ ಆಗಿದೆ.

ಗುಮಾಸ್ತರ ವಿದ್ಯೆಯಿಂದ ಪದವಿಗೆ

ಕಲ್ಕತ್ತಾ ವಿಶ್ವವಿದ್ಯಾಲಯ ಸ್ಥಾಪನೆಯಾದುದು 1857ರಲ್ಲಿ. ಆದರೆ ಆ ಕಾಲದ ಪಂಡಿತರ ಕಣ್ಣಿಗೆ ವ್ಯಾಪಾರ ಒಂದು ವಿದ್ಯೆಯಾಗಿ ಕಾಣಲಿಲ್ಲ. ಕಾನೂನು, ವೈದ್ಯ, ಇಂಗ್ಲಿಷ್ ಸಾಹಿತ್ಯ ಇವಕ್ಕೆ ಪದವಿ ಉಂಟು. ಜಮಾ-ಖರ್ಚು ಬರೆಯುವುದು ಮಾತ್ರ ಗದ್ದಿಗೆಯ ಮೇಲೆ ಕುಳಿತೇ ಕಲಿಯತಕ್ಕದ್ದು ಎಂಬ ಭಾವನೆ. ಆದರೆ 1911ರವರೆಗೆ ಇಡೀ ದೇಶದ ರಾಜಧಾನಿಯಾಗಿದ್ದ ಈ ನಗರದಲ್ಲಿ ಸೆಣಬು, ಚಹಾ, ಕಲ್ಲಿದ್ದಲು, ಹಡಗು ಇವುಗಳ ಕಚೇರಿಗಳೆಲ್ಲ ತುಂಬಿದ್ದವು. ಆಂಡ್ರೂ ಯೂಲ್, ಬರ್ಡ್, ಬಾಮರ್ ಲಾರಿ, ಗಿಲ್ಯಾಂಡರ್ಸ್ ಅರ್ಬತ್‌ನಾಟ್ ಮೊದಲಾದ ವ್ಯವಸ್ಥಾಪಕ ಏಜೆನ್ಸಿ ಮನೆಗಳಿಗೆ ಪತ್ರ ಬರೆಯಬಲ್ಲ, ಲೆಕ್ಕ ತಾಳೆ ನೋಡಬಲ್ಲ ಜನ ಬೇಕಾಗಿತ್ತು.

ಈ ಬೇಡಿಕೆಗಾಗಿ 1905ರಲ್ಲಿ ಇಲ್ಲಿ ಒಂದು ಸರ್ಕಾರಿ ವಾಣಿಜ್ಯ ಶಾಲೆ ಆರಂಭವಾಯಿತು. ಅದೇ ಬೆಳೆದು ಇಂದು ಬೌಬಜಾರಿನಲ್ಲಿರುವ ಗೊಯೆಂಕಾ ಕಾಲೇಜಾಗಿದೆ. ವಾಣಿಜ್ಯ ಮತ್ತು ವ್ಯವಹಾರಾಡಳಿತಕ್ಕಾಗಿಯೇ ಇರುವ ಸರ್ಕಾರಿ ಕಾಲೇಜು. ಮುಂಬಯಿಯಲ್ಲಿ 1913ರಲ್ಲಿ ಸಿಡನ್‌ಹ್ಯಾಮ್ ಕಾಲೇಜು ಹುಟ್ಟಿತು. ಏಷ್ಯಾದಲ್ಲಿಯೇ ಮೊದಲ ವಾಣಿಜ್ಯ ಕಾಲೇಜೆಂದು ಅದಕ್ಕೆ ಹೆಸರು. 1918ರಿಂದ 1920ರವರೆಗೆ ಡಾ. ಅಂಬೇಡ್ಕರರು ಅಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1920ರ ದಶಕದ ಆರಂಭದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯವೂ ವಾಣಿಜ್ಯಕ್ಕೆ ಪದವಿಯ ಮರ್ಯಾದೆ ಕೊಟ್ಟಿತು. ಅದುವರೆಗೆ ಗುಮಾಸ್ತರ ಕಸುಬಾಗಿದ್ದುದು ಬಿ.ಕಾಂ. ಎಂಬ ಹೆಸರು ಪಡೆಯಿತು.

ಒಂದು ಕಟ್ಟಡ, ಮೂರು ಕಾಲೇಜು

ಟಾಲಿಗಂಜಿನಿಂದ ಉತ್ತರಕ್ಕೆ ಹೊರಟು ಹಾಜ್ರಾ ಮುಟ್ಟಿದರೆ ಸಿಗುವುದು ಆಶುತೋಷ್ ಕಾಲೇಜು. ಸರ್ ಆಶುತೋಷ್ ಮುಖರ್ಜಿಯವರ ಪ್ರಯತ್ನದಿಂದ 1916ರಲ್ಲಿ ಸೌತ್ ಸಬರ್ಬನ್ ಕಾಲೇಜ್ ಎಂಬ ಹೆಸರಿನಲ್ಲಿ ಆರಂಭವಾಗಿ, 1924ರಲ್ಲಿ ಅವರು ತೀರಿಕೊಂಡ ತರುವಾಯ ಅವರ ಹೆಸರನ್ನೇ ಪಡೆಯಿತು. ಅದುವರೆಗೆ ದಕ್ಷಿಣ ಕಲ್ಕತ್ತೆಯ ಹುಡುಗರು ಕಾಲೇಜು ಬೀದಿಯವರೆಗೆ ಹೋಗಬೇಕಾಗಿತ್ತು.

ಈ ಕಾಲೇಜಿನ ಕಥೆಯಲ್ಲಿ ನಮಗೆ ಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. 1932ರಲ್ಲಿ ಇಲ್ಲಿ ಹೆಣ್ಣುಮಕ್ಕಳಿಗಾಗಿ ಬೆಳಗಿನ ವಿಭಾಗ ತೆರೆದರು. ಅದು ಆಶುತೋಷರ ಪತ್ನಿಯ ಹೆಸರಿನಲ್ಲಿ ಜೋಗಮಾಯಾ ದೇವಿ ಕಾಲೇಜಾಯಿತು. 1945ರಲ್ಲಿ ಸಂಜೆಯ ವಿಭಾಗ ತೆರೆದರು. ಅದು ಅವರ ಮಗನ ಹೆಸರಿನಲ್ಲಿ ಶ್ಯಾಮಾಪ್ರಸಾದ್ ಕಾಲೇಜಾಯಿತು. ಬೆಳಗ್ಗೆ ಹೆಣ್ಣುಮಕ್ಕಳು, ಹಗಲು ಹುಡುಗರು, ಸಂಜೆ ಕೆಲಸಕ್ಕೆ ಹೋಗಿ ಬಂದವರು. ಅದೇ ಬೆಂಚು, ಅದೇ ಕಪ್ಪು ಹಲಗೆ, ಅದೇ ಮೆಟ್ಟಿಲು. ಬರುವ ಜನ ಮಾತ್ರ ಬೇರೆ.

ಈ ಏರ್ಪಾಟು ಕಲ್ಕತ್ತೆಯ ದೊಡ್ಡ ಜಾಣತನ ಎಂದು ನಾವು ತಿಳಿಯುತ್ತೇವೆ. ಕಾಲೇಜು ಕಟ್ಟಲು ಹೆಚ್ಚು ಖರ್ಚಾಗುವುದು ನೆಲಕ್ಕೆ ಮತ್ತು ಗೋಡೆಗೆ. ಒಂದೇ ನೆಲ, ಒಂದೇ ಗೋಡೆ ದಿನಕ್ಕೆ ಮೂರು ಸಲ ದುಡಿದರೆ ತಲೆಯೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಒಂದೇ ಒಲೆಯ ಮೇಲೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಬೋಂಡಾ ಮಾಡುವ ನಮ್ಮ ಹೋಟೆಲಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾದ್ದಿಲ್ಲ!

ಗರಿಯಾಹಾಟ್ ರಸ್ತೆಯಲ್ಲಿ ಬ್ರಾಹ್ಮ ಸಮಾಜದವರ ಶಿಕ್ಷಣ ಸಂಸ್ಥೆಯಿಂದ ಬೆಳೆದ ಕಾಲೇಜುಗಳೂ ಹೀಗೆಯೇ ಒಂದೇ ಆವರಣದಲ್ಲಿವೆ. ಬೆಳಗ್ಗೆ ಹೆಣ್ಣುಮಕ್ಕಳ ಶಿವನಾಥ ಶಾಸ್ತ್ರಿ ಕಾಲೇಜು, ಹಗಲು ಹೇರಂಬಚಂದ್ರ ಕಾಲೇಜು, ಅವುಗಳ ಜೊತೆಗೆ ಪ್ರಫುಲ್ಲಚಂದ್ರ ಕಾಲೇಜು. ವಾಣಿಜ್ಯವೇ ಇವುಗಳ ಹೆಗ್ಗುರುತು. ಆಚಾರ್ಯ ಪ್ರಫುಲ್ಲಚಂದ್ರ ರಾಯರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದೂ ಬೆಂಗಾಲ್ ಕೆಮಿಕಲ್ಸ್ ಕಾರ್ಖಾನೆ ಕಟ್ಟಿದವರು. ಗುಮಾಸ್ತಿಕೆ ಬಿಟ್ಟು ವ್ಯಾಪಾರಕ್ಕಿಳಿಯಿರಿ ಎಂದು ಬಂಗಾಳದ ತರುಣರಿಗೆ ಜೀವಮಾನವಿಡೀ ಹೇಳಿದವರು. ವಾಣಿಜ್ಯ ಕಲಿಸುವ ಕಾಲೇಜಿಗೆ ಅವರ ಹೆಸರು ಎಷ್ಟೊಂದು ಒಪ್ಪುತ್ತದೆ!

ನಮ್ಮ ಹಿರಿಯರಲ್ಲಿ ಕೆಲವರು ಸಂಜೆ ಕಾಲೇಜಿನಲ್ಲಿಯೇ ಬಿ.ಕಾಂ. ಮುಗಿಸಿದವರು. ಐದೂವರೆಗೆ ಕಚೇರಿ ಬಿಟ್ಟು, ಟ್ರಾಮಿನಲ್ಲಿ ನಿಂತುಕೊಂಡೇ ನೋಟ್ಸ್ ಓದಿ, ರಾತ್ರಿ ಒಂಬತ್ತಕ್ಕೆ ಮನೆ ಸೇರಿ ಅನ್ನ-ಸಾರು ಉಂಡವರು. ಊರಿಗೆ ಮನಿಯಾರ್ಡರ್ ಕಳಿಸುವುದನ್ನು ಒಂದು ತಿಂಗಳೂ ನಿಲ್ಲಿಸದೆ ಪದವಿ ಪಡೆದವರು. ಅವರ ಪದವಿಯನ್ನು ಸೋವಿ ಎಂದು ಕರೆಯಲು ನಮಗೆ ಬಾಯಿ ಬಾರದು.

ನಿರಾಶ್ರಿತರು ಕಟ್ಟಿದ ಕಾಲೇಜು

ಇನ್ನು ಟಾಲಿಗಂಜಿನ ಪೂರ್ವಕ್ಕೆ, ದಕ್ಷಿಣಕ್ಕೆ ತಿರುಗೋಣ. 1947ರಲ್ಲಿ ದೇಶ ಒಡೆದಾಗ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಮನೆಮಾರು ತೊರೆದು ಬಂದರು. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಕಟ್ಟಿ ಆಮೇಲೆ ಬರಿದಾಗಿ ಬಿದ್ದಿದ್ದ ಬಿಡಾರಗಳಲ್ಲಿ ಸೇರಿಕೊಂಡ ನಿರಾಶ್ರಿತರು ಆ ಜಾಗಕ್ಕೆ ವಿಜಯಗಢ ಎಂದು ಹೆಸರಿಟ್ಟರು. ಆಜಾದ್‌ಗಢ, ನೇತಾಜಿ ನಗರ ಮೊದಲಾದ ಕಾಲೊನಿಗಳು ಹೀಗೆಯೇ ಎದ್ದವು. ಬಿದಿರಿನ ತಟ್ಟಿ, ತಗಡಿನ ಸೂರು, ಕೆಸರಿನ ದಾರಿ. ನೆಲದ ಹಕ್ಕುಪತ್ರವಿಲ್ಲ, ನಾಳೆ ಎಬ್ಬಿಸಿದರೆ ಏಳಬೇಕು.

ಅಂಥ ಸ್ಥಿತಿಯಲ್ಲಿದ್ದ ಜನ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಶಾಲೆ ಕಟ್ಟಿದ್ದು. ಶಾಲೆಯ ಹಿಂದೆಯೇ ಕಾಲೇಜು. ವಿಜಯಗಢದಲ್ಲಿ 1950ರಲ್ಲಿಯೇ ಕಾಲೇಜು ಹುಟ್ಟಿತು. ಇಂದಿನ ವಿಜಯಗಢ ಜ್ಯೋತಿಷ್ ರಾಯ್ ಕಾಲೇಜು ಅದೇ. ಇದರ ನಡುವೆ 1947ರಲ್ಲಿ ಲೇಕಿನ ಬದಿಯಲ್ಲಿ ಚಾರುಚಂದ್ರ ಕಾಲೇಜು, 1956ರಲ್ಲಿ ಗರಿಯಾದಲ್ಲಿ ದೀನಬಂಧು ಆಂಡ್ರೂಸ್ ಕಾಲೇಜು, 1963ರಲ್ಲಿ ನ್ಯೂ ಅಲಿಪುರ್ ಕಾಲೇಜು, 1967ರಲ್ಲಿ ನೇತಾಜಿ ನಗರ ಕಾಲೇಜು. ಹೀಗೆ ಇಪ್ಪತ್ತು ವರ್ಷದಲ್ಲಿ ಟಾಲಿಗಂಜಿನ ಸುತ್ತ ಕಾಲೇಜುಗಳ ಒಂದು ಹಾರವೇ ಆಯಿತು.

ಎಲ್ಲವನ್ನೂ ಕಳೆದುಕೊಂಡವನಿಗೆ ಯಾರೂ ಕಸಿಯಲಾಗದ ಆಸ್ತಿ ವಿದ್ಯೆಯೊಂದೇ ಎಂಬುದು ಆ ಜನಕ್ಕೆ ಅನುಭವದಿಂದ ಗೊತ್ತಿತ್ತು. ಅವರು ಕಾಲೇಜನ್ನು ಲಾಭಕ್ಕಾಗಿ ಕಟ್ಟಲಿಲ್ಲ. ತಮ್ಮ ಮಕ್ಕಳು ಮಾರನೆಯ ದಿನ ಓದಬೇಕಾಗಿತ್ತು, ಅದಕ್ಕಾಗಿ ಕಟ್ಟಿದರು. ಮುಂದೆ 1970ರ ದಶಕದ ಕೊನೆಯ ಹೊತ್ತಿಗೆ ರಾಜ್ಯ ಸರ್ಕಾರ ಅನುದಾನಿತ ಕಾಲೇಜುಗಳ ಅಧ್ಯಾಪಕರ ಸಂಬಳದ ಹೊಣೆಯನ್ನು ತಾನೇ ಹೊತ್ತಿತು. ಕಟ್ಟಡ ಜನರದು, ಸಂಬಳ ಸರ್ಕಾರದ್ದು. ವಿದ್ಯಾರ್ಥಿಯ ಮೇಲೆ ಬೀಳುವ ಹೊರೆ ಅತ್ಯಲ್ಪ. ಶುಲ್ಕ ಕಡಿಮೆಯಾದದ್ದು ಹೀಗೆ. ವಿದ್ಯೆ ಕೀಳೆಂದಲ್ಲ, ಅದರ ಬೆಲೆಯನ್ನು ಬೇರೆಯವರು ಆಗಲೇ ತೆತ್ತಿದ್ದಾರೆಂದು.

ನಾಣ್ಯದ ಇನ್ನೊಂದು ಮುಖ

ಆದರೆ ಹೊಗಳಿಕೆಯೊಂದನ್ನೇ ಬರೆದು ಮುಗಿಸಿದರೆ ಓದುಗರಿಗೆ ಮೋಸವಾದೀತು. 1960ರ ದಶಕದ ಕೊನೆಯಿಂದ ಈ ನಗರ ಬಹಳ ಕಷ್ಟ ಕಂಡಿತು. 1970ರ ಏಪ್ರಿಲಿನಲ್ಲಿ ವ್ಯವಸ್ಥಾಪಕ ಏಜೆನ್ಸಿ ಪದ್ಧತಿ ಕಾನೂನಿನಿಂದಲೇ ರದ್ದಾಯಿತು. ಎಷ್ಟೋ ಕಂಪನಿಗಳು ಮುಂಬಯಿಗೆ, ದೆಹಲಿಗೆ ಗಂಟುಮೂಟೆ ಕಟ್ಟಿದವು. ನಕ್ಸಲ್ ಗಲಭೆಯ ವರ್ಷಗಳಲ್ಲಿ ಕಾಲೇಜುಗಳು ಮುಚ್ಚಿದವು, ಪರೀಕ್ಷೆಗಳು ಮುಂದಕ್ಕೆ ಹೋದವು, ಫಲಿತಾಂಶ ತಡವಾಯಿತು. ಬಿ.ಕಾಂ. ಪದವಿ ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ತರುಣ ಆ ಕಾಲದ ಬಂಗಾಳಿ ಸಿನಿಮಾದ ನಾಯಕನೇ ಆಗಿಬಿಟ್ಟ. "ಬರೀ ಬಿ.ಕಾಂ. ಯಾರು ಕೇಳ್ತಾರೆ" ಎಂಬ ಮಾತಿನ ಬೇರು ಆ ದಿನಗಳಲ್ಲಿದೆ.

ಆಗ ನಮ್ಮಲ್ಲಿ ಅನೇಕರು ಮಕ್ಕಳನ್ನು ಊರಿಗೆ ಕಳಿಸಿದರು. ಅಜ್ಜಿಯ ಮನೆಯಲ್ಲಿಯೋ, ಹಾಸ್ಟೆಲಿನಲ್ಲಿಯೋ ಇದ್ದು ಓದಲಿ ಎಂದು. ಊರಿನಲ್ಲಿ ಆ ವೇಳೆಗೆ ಬೇರೊಂದು ಕಥೆ ನಡೆದಿತ್ತು. 1928ರಲ್ಲಿ ಡಾ. ಟಿ. ಎಂ. ಎ. ಪೈ ಅವರು ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಠೇವಣಿ ಕೂಡಿಹಾಕುವ ಪದ್ಧತಿ ತಂದು ಬಡವರನ್ನು ಬ್ಯಾಂಕಿನ ಬಾಗಿಲಿಗೆ ಕರೆದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಎದ್ದಿತು. 1953ರಲ್ಲಿ ಸರ್ಕಾರದ ಕೈಯಲ್ಲಿ ಹಣವಿಲ್ಲದಾಗ ವಿದ್ಯಾರ್ಥಿಗಳಿಂದಲೇ ಹಣ ಪಡೆದು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದರು. ಕಾಲೇಜು ಇಲ್ಲದ ಕಡೆ ಕಾಲೇಜು ಬಂತು; ಅದು ದೊಡ್ಡ ಸಾಧನೆಯೇ. ಆದರೆ ಅದನ್ನು ನೋಡಿ ಕಲಿತ ಎಲ್ಲರ ಉದ್ದೇಶವೂ ಅಷ್ಟೇ ಒಳ್ಳೆಯದಾಗಿರಲಿಲ್ಲ. ಡೊನೇಷನ್ ಎಂಬ ಮಾತು ಕನ್ನಡ ಮನೆಗಳ ದಿನನಿತ್ಯದ ಮಾತಾಯಿತು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತರಬೇಕಾಯಿತು.

ಹೊರನಾಡಿನವರಾದ ನಾವು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. 1989ರ ಸರ್ಕಾರಿ ಅಧಿಸೂಚನೆಯೊಂದರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000 ಎಂದು ಗೊತ್ತುಮಾಡಿತ್ತು. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ನ್ಯಾಯಾಲಯ ಅವಳ ಪಕ್ಷ ಹಿಡಿದು, ಕ್ಯಾಪಿಟೇಷನ್ ಶುಲ್ಕ ಸಲ್ಲದೆಂದಿತು. ಮುಂದೆ 1993ರಲ್ಲಿ, 2002ರಲ್ಲಿ ಬಂದ ತೀರ್ಪುಗಳಲ್ಲಿ ಈ ವಿಚಾರ ಹಲವು ತಿರುವು ಪಡೆಯಿತು. ಅದು ವೈದ್ಯಕೀಯದ ಮಾತಾದರೂ ಪಾಠ ಎಲ್ಲ ವಿದ್ಯೆಗೂ ಒಂದೇ. ಮನೆಯಲ್ಲಿ ಕನ್ನಡ ಮಾತಾಡಿದ ಮಾತ್ರಕ್ಕೆ ಪ್ರವೇಶದ ಕಾಗದದಲ್ಲಿ ನಾವು ಆ ರಾಜ್ಯದವರಾಗುವುದಿಲ್ಲ. ಮಗು ಎಲ್ಲಿ ಎಷ್ಟು ವರ್ಷ ಓದಿದೆ ಎಂಬುದನ್ನೇ ಮೊದಲು ಕೇಳುತ್ತಾರೆ. ಊರೆಂಬ ಮೋಹಕ್ಕೆ ಸಿಕ್ಕಿ ಹೊರ ರಾಜ್ಯದವರ ಶುಲ್ಕ, ಹಾಸ್ಟೆಲ್, ರೈಲಿನ ಖರ್ಚು ಎಲ್ಲವನ್ನೂ ಹೊರುವ ಮೊದಲು, ನಾವು ತೆರಿಗೆ ಕೊಡುವ ರಾಜ್ಯದಲ್ಲಿ ನಮಗೆ ಏನು ಹಕ್ಕಿದೆ ಎಂದು ನೋಡುವುದು ವಿವೇಕ.

ಮ್ಯಾನೇಜ್‌ಮೆಂಟ್ ಎಂಬ ಹೊಸ ಮಾತು

ಬಿ.ಬಿ.ಎ., ಎಂ.ಬಿ.ಎ. ಎಂಬವು ಬೇರೆಲ್ಲಿಂದಲೋ ಬಂದ ಹೊಸ ಸರಕೆಂದು ನಮ್ಮ ಹುಡುಗರು ತಿಳಿದಿದ್ದಾರೆ. ದೇಶದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣದ ಮೊದಮೊದಲ ಸಂಸ್ಥೆಗಳಲ್ಲಿ ಒಂದು ಹುಟ್ಟಿದ್ದೇ ಈ ಊರಿನಲ್ಲಿ. 1953ರಲ್ಲಿ ಕಾಲೇಜ್ ಸ್ಕ್ವೇರಿನಲ್ಲಿ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣೆಯ ಸಂಸ್ಥೆ ಸ್ಥಾಪನೆಯಾಯಿತು. ನೌಕರಿಯಲ್ಲಿರುವವರಿಗೆ ಸಂಜೆ ಕಲಿಸುವ ಪದ್ಧತಿ ಅಲ್ಲಿಯೂ ಬೆಳೆಯಿತು. 1961ರ ನವೆಂಬರಿನಲ್ಲಿ ದೇಶದ ಮೊದಲ ಐ.ಐ.ಎಂ. ಕಲ್ಕತ್ತೆಯಲ್ಲಿ ಆರಂಭವಾಯಿತು. ಮೊದಲು ಬಾರಕ್‌ಪುರ ಟ್ರಂಕ್ ರಸ್ತೆಯ ಎಮರಾಲ್ಡ್ ಬವರ್ ಎಂಬ ಹಳೆಯ ಮನೆಯಲ್ಲಿದ್ದು, 1970ರ ದಶಕದಲ್ಲಿ ಜೋಕಾಕ್ಕೆ ಬಂದಿತು. ನಮ್ಮ ಬೆಂಗಳೂರಿನ ಐ.ಐ.ಎಂ. ಬಂದುದು 1973ರಲ್ಲಿ.

ಲೆಕ್ಕ ಬಲ್ಲವರಿಗೆ ಇನ್ನೊಂದು ಹಳೆಯ ದಾರಿಯೂ ಉಂಟು. ವೆಚ್ಚ ಲೆಕ್ಕಿಗರ ಸಂಸ್ಥೆ 1944ರಲ್ಲಿ ಸ್ಥಾಪನೆಯಾಗಿ 1959ರ ಕಾಯಿದೆಯಿಂದ ಮಾನ್ಯತೆ ಪಡೆಯಿತು. ಸಡ್ಡರ್ ಬೀದಿಯಲ್ಲಿ ಅದರ ಕಚೇರಿ ಇದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1949ರದು. ಕಂಪನಿ ಸೆಕ್ರೆಟರಿಗಳದು 1980ರ ಕಾಯಿದೆ. ಈ ಪರೀಕ್ಷೆಗಳಿಗೆ ಹಣಕ್ಕಿಂತ ಹೆಚ್ಚು ಬೇಕಾದ್ದು ಹಟ. ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಓದಿ, ಹಗಲು ಆಡಿಟರ ಕಚೇರಿಯಲ್ಲಿ ಕೆಲಸ ಕಲಿತು, ರಾತ್ರಿ ಪರೀಕ್ಷೆಗೆ ಓದಿದವರು ಕಲ್ಕತ್ತೆಯಲ್ಲಿ ಒಬ್ಬಿಬ್ಬರಲ್ಲ. ಮೂರು ಪಾಳಿಯ ಕಾಲೇಜಿನ ನಿಜವಾದ ಉಪಯೋಗ ಇದೇ.

ಈಗ ಅರ್ಜಿ ಹಾಕುವವರಿಗೆ

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗಿಯ ಪ್ರಶ್ನೆಗೆ ಬರಬೇಕು. ನಾವು ಅವಳ ಮುಂದೆ ಇಟ್ಟ ಮಾತುಗಳನ್ನೇ ಇಲ್ಲಿಯೂ ಬರೆಯುತ್ತೇವೆ.

ಮೊದಲನೆಯದು, ಕಾಲೇಜಿನ ಹೆಸರಿಗಿಂತ ಮುಂಚೆ ತರಗತಿಯ ಸ್ವರೂಪ ಕೇಳಬೇಕು. ಅನುದಾನಿತ ತರಗತಿಯೋ, ಸ್ವಂತ ಹಣಕಾಸಿನದೋ? ಒಂದೇ ಕಾಲೇಜಿನ ಒಂದೇ ಕಟ್ಟಡದಲ್ಲಿ ಬಿ.ಕಾಂ. ಅನುದಾನಿತವಾಗಿದ್ದು ಬಿ.ಬಿ.ಎ. ಪೂರ್ಣ ಶುಲ್ಕದ್ದಾಗಿರಬಹುದು. ಬಿ.ಬಿ.ಎ. ಕಲಿಸುವ ಸಂಸ್ಥೆಗಳನ್ನು ತಾಂತ್ರಿಕ ಶಿಕ್ಷಣ ಮಂಡಳಿಯ ಒಪ್ಪಿಗೆಯ ವ್ಯಾಪ್ತಿಗೆ ತಂದುದು 2024ರಲ್ಲಿ. ಆ ಒಪ್ಪಿಗೆಯೂ ವಿಶ್ವವಿದ್ಯಾಲಯದ ಸಂಯೋಜನೆಯೂ ಇವೆಯೇ ಎಂದು ಕಣ್ಣಾರೆ ನೋಡಬೇಕು.

ಎರಡನೆಯದು, ಎಂ.ಬಿ.ಎ. ಮಾಡಲು ಬಿ.ಬಿ.ಎ.ಯೇ ಆಗಬೇಕೆಂದಿಲ್ಲ. ಐ.ಐ.ಎಂ.ಗಳ ಪ್ರವೇಶ ಪರೀಕ್ಷೆ ಬರೆಯಲು ಇಂಥದೇ ವಿಷಯದ ಪದವಿ ಬೇಕೆಂದಿಲ್ಲ. ಆದ್ದರಿಂದ ಮೊದಲ ಪದವಿಗೇ ಮನೆಯ ಗಂಟನ್ನೆಲ್ಲ ಕರಗಿಸಿಬಿಟ್ಟರೆ ಎರಡನೆಯದಕ್ಕೆ ಕೈ ಖಾಲಿ.

ಮೂರನೆಯದು, 2023ರಿಂದ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಪದವಿಯ ಜೊತೆಗೆ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದಿದೆ. ಒಂದು ವರ್ಷ ಹೆಚ್ಚೆಂದರೆ ಒಂದು ವರ್ಷದ ಶುಲ್ಕ ಮಾತ್ರವಲ್ಲ. ಒಂದು ವರ್ಷದ ಸಂಬಳವೂ ತಪ್ಪಿದಂತೆ. ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾಲ್ಕನೆಯದು, ಅರ್ಜಿಯ ವಿಷಯ. ಹಿಂದೆ ಒಂದೊಂದು ಕಾಲೇಜಿಗೂ ಬೇರೆ ಅರ್ಜಿ, ಬೇರೆ ಹಣ, ಬೇರೆ ಸರತಿ. 2024ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ ಅರ್ಜಿ ಶುಲ್ಕವಿಲ್ಲದ ಒಂದೇ ಪ್ರವೇಶ ವ್ಯವಸ್ಥೆ ತಂದಿತು. ಸ್ವಾಯತ್ತ ಕಾಲೇಜುಗಳನ್ನೂ ಅಲ್ಪಸಂಖ್ಯಾತ ಸಂಸ್ಥೆಗಳನ್ನೂ ಅದರಿಂದ ಹೊರಗಿಟ್ಟರು; ಅವಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಆಯ್ಕೆಯ ಪಟ್ಟಿ ಬರೆಯುವಾಗ ಆಸೆಯ ಕಾಲೇಜು ಎರಡು, ಸಿಗುವ ಸಂಭವವಿರುವುದು ಮೂರು, ಖಂಡಿತ ಸಿಗುವುದು ಎರಡು, ಹೀಗೆ ಹಂಚಿಕೊಂಡರೆ ಕೊನೆಗೆ ಪೇಚಾಡಬೇಕಾಗುವುದಿಲ್ಲ.

ಐದನೆಯದು, ದಾರಿ. 1986ರ ಏಪ್ರಿಲಿನಲ್ಲಿ ಮೆಟ್ರೊ ರೈಲು ಟಾಲಿಗಂಜಿಗೆ ಬಂದ ಮೇಲೆ ನಮಗೆ ಇಡೀ ನಗರವೇ ಹತ್ತಿರವಾಗಿದೆ. 2009ರಿಂದ ಮಹಾನಾಯಕ ಉತ್ತಮ್ ಕುಮಾರ್ ಎಂದು ಕರೆಯುವ ನಮ್ಮ ನಿಲ್ದಾಣದಲ್ಲಿ ಹತ್ತಿದರೆ ಜತೀನ್ ದಾಸ್ ಪಾರ್ಕಿನಲ್ಲಿ ಇಳಿದು ಆಶುತೋಷ್, ಶ್ಯಾಮಾಪ್ರಸಾದ್ ಕಾಲೇಜು. ಸೆಂಟ್ರಲ್ಲಿನಲ್ಲಿ ಇಳಿದು ಗೊಯೆಂಕಾ ಕಾಲೇಜು. ಮನೆಯ ಊಟ ಮಾಡಿ ಹೋಗಿಬರುವ ಕಾಲೇಜಿಗಿಂತ ಸೋವಿ ಯಾವುದೂ ಇಲ್ಲ.

ಸಾಲವನ್ನೇ ಮಾಡಬೇಕಾಗಿ ಬಂದರೆ ಅಡವಿನ ಅಂಗಡಿಗೆ ಹೋಗುವ ಮೊದಲು ಸರ್ಕಾರದ ಯೋಜನೆಗಳನ್ನು ನೋಡಬೇಕು. 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ವಿದ್ಯಾರ್ಥಿ ಕ್ರೆಡಿಟ್ ಕಾರ್ಡ್ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ಶೇಕಡಾ 4ರ ಸರಳ ಬಡ್ಡಿಗೆ ಸಾಲ ಕೊಡುವುದೆಂದಿತ್ತು. ಅದಕ್ಕೆ ಬಂಗಾಳಿಯಾಗಿರಬೇಕೆಂಬ ನಿಯಮವಿರಲಿಲ್ಲ. ಹತ್ತು ವರ್ಷ ಈ ರಾಜ್ಯದಲ್ಲಿ ವಾಸವಾಗಿರಬೇಕೆಂಬುದೇ ನಿಯಮ. ಅರ್ಜಿ ಹಾಕುವ ವರ್ಷದ ನಿಯಮಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು. ವಾಸಸ್ಥಳದ ದಾಖಲೆಗಳನ್ನು ಜೋಪಾನವಾಗಿಡದ ನಮ್ಮ ಜನಕ್ಕೆ ಇದೊಂದು ಎಚ್ಚರಿಕೆಯೂ ಹೌದು. ಕೆಲಸ ಮಾಡುತ್ತಲೇ ಓದಬೇಕಾದವರಿಗೆ 1985ರ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವೂ 1997ರ ನೇತಾಜಿ ಸುಭಾಷ್ ಮುಕ್ತ ವಿಶ್ವವಿದ್ಯಾಲಯವೂ ಇವೆ.

ಅಗ್ಗದ ಕಾಲೇಜಿಗೆ ಹೋದವರೆಲ್ಲ ಉದ್ಧಾರವಾಗುತ್ತಾರೆಂದು ನಾವು ಹೇಳುತ್ತಿಲ್ಲ. ಅಲ್ಲಿ ತರಗತಿಗಳು ತುಂಬಿ ತುಳುಕುತ್ತವೆ. ಪಾಠ ಇಂಗ್ಲಿಷಿನಲ್ಲಿ ಆರಂಭವಾಗಿ ಬಂಗಾಳಿಯಲ್ಲಿ ಮುಗಿಯುವುದುಂಟು. ಕೆಲಸ ಕೊಡಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ. ಅಲ್ಲಿ ಓದುವವನು ಉಳಿದ ಹೊತ್ತನ್ನು ತಾನೇ ತುಂಬಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೆಲವರು ಹೇಡಿಗಳ ಮಾತೆಂದು ನಗುತ್ತಾರೆ. ಕಾಲು ಚಾಚಬೇಡ ಎಂದು ಗಾದೆ ಹೇಳಿಲ್ಲ. ಹಾಸಿಗೆಯನ್ನು ಅಳೆದು ನೋಡು ಎಂದಿದೆ.

ಎರಡು ವಾರದ ಮೇಲೆ ಆ ತಂದೆ ಮತ್ತೆ ಸಿಕ್ಕಿದರು. ಮಗಳು ಬೆಳಗಿನ ಕಾಲೇಜೊಂದನ್ನೂ ಗೊಯೆಂಕಾ ಕಾಲೇಜನ್ನೂ ಪಟ್ಟಿಯಲ್ಲಿ ಮೇಲೆ ಬರೆದಿದ್ದಾಳಂತೆ. ನುಣುಪು ಕಾಗದದ ಪುಸ್ತಿಕೆಯನ್ನು ಇನ್ನೂ ಎಸೆದಿಲ್ಲವಂತೆ. ಇರಲಿ, ಆಸೆ ಇಟ್ಟುಕೊಳ್ಳುವ ವಯಸ್ಸು. ಪಿ.ಎಫ್. ಅರ್ಜಿಯನ್ನು ಮಾತ್ರ ತಾವು ಹಿಂದಕ್ಕೆ ತೆಗೆದುಕೊಂಡದ್ದಾಗಿ ಹೇಳಿ ಅವರು ನಕ್ಕರು. ಆ ನಗೆಯನ್ನು ಹಿಂದಿನ ಭೇಟಿಯಲ್ಲಿ ನಾವು ಕಂಡಿರಲಿಲ್ಲ.

ಕೊನೆಯದಾಗಿ ಸದಸ್ಯರಲ್ಲಿ ಒಂದು ಬಿನ್ನಹ. ಈ ನಗರದಲ್ಲಿ ಬಿ.ಕಾಂ., ವೆಚ್ಚ ಲೆಕ್ಕ, ಸಿ.ಎ. ಓದಿ ಮುಗಿಸಿದ ನಮ್ಮ ಮಕ್ಕಳು ತಮ್ಮ ಹಳೆಯ ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕದೆ ಸಂಘದ ವಾಚನಾಲಯಕ್ಕೆ ಕೊಡಲಿ. ಯಾವ ಕಾಲೇಜಿನಲ್ಲಿ ಏನು ಅನುಕೂಲ, ಏನು ತೊಂದರೆ ಎಂದು ಅರ್ಧ ಪುಟ ಬರೆದುಕೊಡಲಿ. ಬರುವ ವರ್ಷ ಫಲಿತಾಂಶ ಬಂದ ಭಾನುವಾರ ಇನ್ನೊಬ್ಬ ತಂದೆ ಬಾಗಿಲಲ್ಲಿ ನಿಂತಾಗ ಆ ಕಡತವನ್ನು ಅವರ ಕೈಗೆ ಕೊಡುವಂತಾಗಲಿ. ತಗಡಿನ ಸೂರಿನ ಕೆಳಗೆ ಇದ್ದವರು ಕಾಲೇಜನ್ನೇ ಕಟ್ಟಿದರು. ನಾವು ಒಂದು ಕಡತವನ್ನಾದರೂ ಕಟ್ಟಬಾರದೇ?